ಕ್ವಾಂಟಂ ಕಂಪ್ಯೂಟರಿನಿಂದ ನನ್ನ ಗಂಡನಿಗೆ ಒಂದು ವಾರದ ರಜೆ ಕೋರಿ

ಸಂಶೋಧನಾಲಯದ ನೆಲಮಾಳಿಗೆಯಲ್ಲಿ, ಸದ್ದು ಧೂಳು ಬೆಳಕುಗಳ ಕಾಟವಿಲ್ಲದೆ ವಿರಾಜಮಾನರಾಗಿರುವ ಕ್ವಾಂಟಂ ಕಂಪ್ಯೂಟರ್ ಅವರ ಸನ್ನಿಧಿಗೆ, ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದರಲ್ಲಿ ಪೆನ್ನನ್ನೂ ಹಿಡಿದ ತಾಯಿಯೊಬ್ಬಳ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕುಶಲವೆಂದು, ಎಂದರೆ ತಕ್ಕಷ್ಟು ತಣ್ಣಗಿದ್ದೀರೆಂದು ನಂಬಿದ್ದೇನೆ. ತಮ್ಮ ತಂಪನ್ನು ಕಾಯುವ ಇಂಜಿನಿಯರ್ ಒಬ್ಬರಿದ್ದಾರಲ್ಲ, ಅಂಗಿಯ ಹೆಗಲ ಮೇಲೆ ಸದಾ ಹಾಲಿನ ಕಲೆ ಹೊತ್ತು ಬರುವವರು, ಆ ಕಲೆ ನಮ್ಮ ಮನೆಯದು. ನಾನು ಅವರ ಹೆಂಡತಿ. ಟುವ್ವಿ ಎಂದು ಕರೆಸಿಕೊಳ್ಳುವ ಎಂಟು ತಿಂಗಳ ಹುಡುಗಿಯ ತಾಯಿ. ಕಣ್ಣಿನ ಆಸ್ಪತ್ರೆಯಲ್ಲಿ ಜನರ ದೃಷ್ಟಿ ಪರೀಕ್ಷಿಸಿ ಕನ್ನಡಕದ ನಂಬರ್ ಬರೆದುಕೊಡುವವಳು. ನನ್ನ ಹೆರಿಗೆ ರಜೆ ಮುಗಿಯುತ್ತಾ ಬಂದಿದ್ದು, ಮುಂದಿನ ಸೋಮವಾರ ಕೆಲಸಕ್ಕೆ ಮರಳಬೇಕಿದೆ. ಆ ಮೊದಲ ವಾರ ತಾನೇ ರಜೆ ಹಾಕಿ ಮಗುವನ್ನು ನೋಡಿಕೊಳ್ಳುವುದಾಗಿ ಅದರ ಅಪ್ಪ ಮಾತು ಕೊಟ್ಟಿದ್ದರು. ಈಗ ನೋಡಿದರೆ ಅದೇ ವಾರ ತಮ್ಮನ್ನು ಹೊಸದಾಗಿ ತಣಿಸುವ ಕಾರ್ಯಕ್ರಮವಿದೆಯಂತೆ, ಒಮ್ಮೆ ಮುಚ್ಚಳ ಹಾಕಿದರೆ ತಮ್ಮನ್ನು ಬಿಟ್ಟು ಬರುವಂತಿಲ್ಲವಂತೆ. ನನ್ನ ದೂರು ಇಷ್ಟೇ, ಉಳಿದದ್ದೆಲ್ಲ ಸೌಜನ್ಯ. ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಬಹುದಿತ್ತು, ಆದರೆ ತಮ್ಮ ಲೋಕದಲ್ಲಿ ಮುಚ್ಚಿಟ್ಟದ್ದನ್ನು ತೆರೆದು ನೋಡಿದರೆ ಒಳಗಿದ್ದದ್ದೇ ಬದಲಾಗುತ್ತದೆಂದು ಕೇಳಿ, ಭಯಪಟ್ಟು ತೆರೆದೇ ಬರೆದಿದ್ದೇನೆ.

ಮೊದಲಿಗೆ ತಮ್ಮ ಆರೈಕೆಯ ಬಗ್ಗೆ ನನ್ನ ಹೃತ್ಪೂರ್ವಕ ಮೆಚ್ಚುಗೆ ದಾಖಲಾಗಲಿ. ಇದಕ್ಕಿಂತ ತಣ್ಣಗಾಗುವುದು ಪ್ರಕೃತಿಯಲ್ಲೇ ಸಾಧ್ಯವಿಲ್ಲ ಎನ್ನುವ ಗೆರೆಗಿಂತ ಕೂದಲೆಳೆಯಷ್ಟು ಮೇಲೆ ತಮ್ಮನ್ನು ಇಟ್ಟಿದ್ದಾರೆ. ಚಿನ್ನದ ಲೇಪದ ತಟ್ಟೆಗಳ ಕೆಳಗೆ, ತೊಟ್ಟಿಲಿನಂತೆ, ಸೂರಿನಿಂದ ತೂಗುಬಿಟ್ಟಿದ್ದಾರೆ. ಯಾರಾದರೂ ಪಕ್ಕದಲ್ಲಿ ದಪದಪ ನಡೆದರೆ ಸಾಕು, ಹೇಳಿಕೊಟ್ಟ ಪಾಠವನ್ನು ತಾವು ಮರೆಯುತ್ತೀರಿ. ಆಗ ಡಾಕ್ಟರೇಟ್ ಪಡೆದ ಅಷ್ಟೂ ಜನ ತಮ್ಮನ್ನು ಬೈಯದೆ, ನಡೆದವನನ್ನು ಬೈಯುತ್ತಾರೆ. ಒಂದು ಮಾತನ್ನು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಾವು ನೆನಪಿಟ್ಟುಕೊಂಡರೂ ಚಪ್ಪಾಳೆ ಬೀಳುತ್ತದೆ, ಲೇಖನ ಅಚ್ಚಾಗುತ್ತದೆ. ಟುವ್ವಿ ಊಟದ ಮೇಜಿನ ಕಾಲು ಹಿಡಿದು ಮೊದಲ ಸಲ ಎದ್ದು ನಿಂತ ದಿನ ಅದನ್ನು ನೋಡಲು ನಾನೊಬ್ಬಳೇ ಇದ್ದೆ, ನನ್ನ ಎರಡೂ ಕೈಯಲ್ಲಿ ಒದ್ದೆ ಬಟ್ಟೆಗಳಿದ್ದವು, ಹೀಗಾಗಿ ಚಪ್ಪಾಳೆಯೂ ಬೀಳಲಿಲ್ಲ. ಅಂದು ಸಂಜೆ ಮನೆಗೆ ಬಂದ ತಮ್ಮ ಇಂಜಿನಿಯರ್ ಚಪ್ಪಲಿ ಬಿಡುವ ಮೊದಲೇ, "ಇವತ್ತು ಎಷ್ಟು ಚೆನ್ನಾಗಿ ತಣ್ಣಗಿದ್ಲು ಗೊತ್ತಾ" ಎಂದರು. ಯಾರು ಎಂದು ನಾನು ಕೇಳಲಿಲ್ಲ. ಹಣೆ ಮುಟ್ಟಿ ನೋಡಲು ನಮ್ಮ ಮನೆಯಲ್ಲೂ ಒಬ್ಬಳಿದ್ದಾಳೆ ಎಂದಷ್ಟೇ ಹೇಳಿದೆ.

ತಮ್ಮನ್ನು ನೋಡಬಾರದು ಎಂಬ ನಿಯಮ ಇನ್ನೂ ಚಂದ. ಲೆಕ್ಕ ಮಾಡುವಾಗ ಯಾರಾದರೂ ಇಣುಕಿದರೆ ಲೆಕ್ಕವೇ ಚೆದುರಿಹೋಗುತ್ತದಂತೆ. ನಾನಾದರೋ ದಿನವಿಡೀ ಇಣುಕುವವಳು. ಟುವ್ವಿ ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಬಗ್ಗಿ ನೋಡುತ್ತೇನೆ, ಕಾಣದಿದ್ದರೆ ಮೂಗಿನ ಕೆಳಗೆ ಬೆರಳಿಡುತ್ತೇನೆ, ಅವಳು ಎಚ್ಚರವಾಗುತ್ತಾಳೆ, ಆಗ ಉಸಿರಾಡುತ್ತಿದ್ದಾಳೆಂದು ಇಡೀ ಕಟ್ಟಡಕ್ಕೇ ಗೊತ್ತಾಗುತ್ತದೆ. "ಮಗು ಏನು ಒಲೆ ಮೇಲಿಟ್ಟ ಹಾಲಾ, ಹೀಗೆ ನಿಂತು ಕಾಯೋಕೆ? ನೀನು ಸ್ವಲ್ಪ ಆ ಕಡೆ ಹೋದ್ರೆ ಅದೂ ಮಲಗುತ್ತೆ, ನೀನೂ ಮಲಗ್ತೀಯ ಕಣಮ್ಮ" ಎನ್ನುತ್ತಾರೆ ಅತ್ತೆ. ಅವರ ಕೈಗೆ ಕೊಟ್ಟು ಹೋಗೋಣವೆಂದರೆ ಬೇಸಿಗೆಯಲ್ಲೂ ಕಾಲುಚೀಲ ಹಾಕುತ್ತಾರೆ. ಕೆಳಗಿನ ಮನೆಯ ಟೈಲರ್ ಅಕ್ಕ ಪ್ರೀತಿಯ ಹೆಂಗಸು, ಆದರೆ ಮಾತಿಗೆ ಕೂತರೆ ಮಗುವಿರಲಿ, ಸ್ವಂತ ಹೊಲಿಗೆ ಮೆಷಿನ್ನನ್ನೇ ಮರೆಯುವವರು. ಟುವ್ವಿಯ ಅಪ್ಪನಿಗೆ ಮಗು ಯಾವಾಗ ಅತ್ತರೂ ನಿದ್ದೆಗೇ ಅತ್ತಂತೆ ಕೇಳಿಸುತ್ತದೆ. ಈ ಮೂವರಲ್ಲಿ ಯಾರನ್ನು ನಂಬಿ ಬಾಗಿಲು ದಾಟಲಿ ಎಂಬುದೇ ನನ್ನ ನಿದ್ದೆ ಕೆಡಿಸಿದ ಪ್ರಶ್ನೆ.

ಇಂಥ ಸ್ಥಿತಿಯಲ್ಲಿದ್ದಾಗ, ಸಿಬ್ಬಂದಿಯ ಮನೆಯವರಿಗೆಂದು ತಮ್ಮ ದರ್ಶನ ಏರ್ಪಾಡಾಯಿತು. ಗಾಜಿನ ಈಚೆ ನಿಂತು ತಮ್ಮ ಪ್ರಯೋಗಾಲಯದ ಮೇಡಂ ವಿವರಿಸಿದ್ದನ್ನು ಕೇಳಿ ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ತಮ್ಮೊಳಗಿನ ಕ್ಯೂಬಿಟ್ಟುಗಳಲ್ಲಿ, ಎಂದರೆ ಲೆಕ್ಕವನ್ನು ನೆನಪಿಟ್ಟುಕೊಳ್ಳುವ ಪುಟ್ಟ ಪುಟ್ಟ ಭಾಗಗಳಲ್ಲಿ, ಒಂದೂ ನಂಬಿಕೆಗೆ ಅರ್ಹವಲ್ಲವಂತೆ. ಅದಕ್ಕೇ ಒಂದು ಮಾತನ್ನು ಒಂದರ ಕೈಗೇ ಕೊಡದೆ ಹಲವುಗಳಲ್ಲಿ ಹಂಚಿಡುತ್ತಾರಂತೆ, ತಪ್ಪು ಪತ್ತೆಗೆಂದು ನಡುನಡುವೆ ಕೆಲವನ್ನು ಕೂರಿಸುತ್ತಾರಂತೆ. ಅವನ್ನೂ 'ಒಳಗೇನಿದೆ' ಎಂದು ಕೇಳುವುದಿಲ್ಲ, ಕೇಳಿದರೆ ಕೆಟ್ಟಿತು. 'ನಿನ್ನ ಅಕ್ಕಪಕ್ಕದವರ ಮಾತು ಕೂಡಿಬರುತ್ತಾ' ಎಂದಷ್ಟೇ ಕೇಳುತ್ತಾರೆ. ಆ ಉತ್ತರಗಳಿಂದ ಎಡವಿದ್ದು ಯಾರೆಂದು ಹಿಡಿದು, ಒಳಗಿನ ಮಾತನ್ನು ನೋಡದೆಯೇ ತಿದ್ದುತ್ತಾರೆ. "ಒಂದೊಂದೂ ತೀರಾ ಕೆಟ್ಟದಾಗಿದ್ರೆ ಎಷ್ಟು ಸೇರಿಸಿದ್ರೂ ಗದ್ದಲಾನೇ ಜಾಸ್ತಿ. ಒಂದು ಮಟ್ಟಕ್ಕೆ ಸುಮಾರಾಗಿದ್ರೆ ಮಾತ್ರ, ಸೇರಿಸಿದಷ್ಟೂ ತಪ್ಪು ಕಡಿಮೆ ಆಗುತ್ತೆ. ಈಚೆಗೆ ಅದು ಆಗ್ತಿದೆ" ಎಂದರು ಮೇಡಂ, ಸ್ವಂತ ಮಗಳಿಗೆ ರ‍್ಯಾಂಕ್ ಬಂದವರ ಮುಖ ಮಾಡಿಕೊಂಡು. ಕೋಟಿಗಟ್ಟಲೆ ಬೆಲೆಬಾಳುವ ತಮಗೇ ಸುಮಾರಾದವರು ಸಾಕಾಗಿರುವಾಗ, ನಾನು ಮಾತ್ರ ಇಷ್ಟು ತಿಂಗಳು ಒಬ್ಬಳೇ ತಪ್ಪಿಲ್ಲದೆ ಇರಬೇಕೆಂದು ಯಾರು ಹೇಳಿದ್ದರು? ವಿಚಾರಿಸಿದೆ. ಯಾರೂ ಹೇಳಿರಲಿಲ್ಲ. ಅದೇ ಇನ್ನಷ್ಟು ಸಿಟ್ಟಿಗೆ ಕಾರಣವಾಯಿತು.

ಮೊನ್ನೆ ಭಾನುವಾರ ಮಧ್ಯಾಹ್ನ, ತಮ್ಮ ವಿಧಾನವನ್ನು ಅನುಮತಿ ಕೇಳದೆ ಬಳಸಿಕೊಂಡೆ. ಮೂವರನ್ನೂ ಮಗುವಿನೊಂದಿಗೆ ಒಳಗೆ ಕೂರಿಸಿ ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ಮಗುವಿನ ಬಗ್ಗೆ ಏನನ್ನೂ ಕೇಳಕೂಡದು, "ಒಪ್ಕೊಂಡ್ರಾ?" ಎಂದು ಮಾತ್ರ ಕೇಳಬಹುದು ಎಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡೆ. ಟುವ್ವಿ ಅತ್ತಳು. ಅತ್ತೆ ಹಸಿವು ಎಂದರು. ಟೈಲರ್ ಅಕ್ಕ "ಹಸಿವೇ ಅಮ್ಮ, ಮುಷ್ಟಿ ಚೀಪ್ತಿದೆ ನೋಡಿ" ಎಂದರು. ತಮ್ಮ ಇಂಜಿನಿಯರ್ ನಿದ್ದೆ ಎಂದರು. "ನಾವಿಬ್ರು ಒಂದಾದ್ವಿ, ನೀನು ಸುಮ್ನೆ ಹೋಗಿ ಹಾಲು ತಾ" ಎಂದು ಅತ್ತೆ ಮಗನನ್ನು ತಿದ್ದಿದರು. ಇನ್ನೊಮ್ಮೆ ಅತ್ತಾಗ ಕಾಲುಚೀಲ ಬಿಚ್ಚಬೇಕೆಂದು ಉಳಿದಿಬ್ಬರು ಒಂದಾದರು. "ನಾನು ಮೂರು ಮಕ್ಕಳನ್ನ ಸಾಕಿದೋಳು ಕಣೇ" ಎಂದು ಅತ್ತೆ ಗದರಿದರೆ, "ಅದ್ರಲ್ಲಿ ಒಬ್ರು ಇಲ್ಲೇ ಕೂತಿದ್ದಾರಲ್ಲಮ್ಮ, ಅದಕ್ಕೇ ಹೇಳ್ತಿರೋದು" ಎಂದರು ಟೈಲರ್ ಅಕ್ಕ. ಕಾಲುಚೀಲ ಬಿಚ್ಚಿರಬೇಕು, ಅಳು ನಿಂತಿತು.

ಆಮೇಲೆ ಸದ್ದೇ ಇಲ್ಲ. ಅಳುವಾಗ ಕೂತಿರಬಲ್ಲೆ ಮಾನ್ಯರೇ, ಸದ್ದಿಲ್ಲದಾಗ ಕೂತಿರುವುದು ಕಷ್ಟ. ಬಾಗಿಲಿನ ಹಿಡಿಗೆ ಕೈ ಹಾಕಿದೆ, ಕೈ ಹಿಂತೆಗೆದೆ, "ಒಪ್ಕೊಂಡ್ರಾ?" ಎಂದೆ. ಒಳಗಿನಿಂದ ಮೂರು 'ಹೂಂ' ಪಿಸುದನಿಯಲ್ಲಿ ಒಟ್ಟಿಗೇ ಬಂದವು. ಗೋಡೆಗೆ ತಲೆಯಾನಿಸಿದ್ದಷ್ಟೇ ನೆನಪು. ಕುತ್ತಿಗೆ ಹಿಡಿದುಕೊಂಡು ಎಚ್ಚರವಾದಾಗ ಬಿಸಿಲು ಮೆಟ್ಟಿಲು ಬಿಟ್ಟು ಹೋಗಿತ್ತು. ಒಳಗೆ ಹೋದರೆ ಟುವ್ವಿ ನಿದ್ದೆ ಮುಗಿಸಿ, ಟೈಲರ್ ಅಕ್ಕನ ಮಡಿಲಲ್ಲಿ ಕೂತು ಅಳತೆ ಟೇಪಿನ ತುದಿ ಕಡಿಯುತ್ತಿದ್ದಳು. ನನ್ನನ್ನು ನೋಡಿದಳು, ಎಲ್ಲೋ ನೋಡಿದ ಮುಖ ಎನ್ನುವಂತೆ ನಕ್ಕಳು, ಮತ್ತೆ ಟೇಪಿಗೆ ಮರಳಿದಳು.

ನಾನು ನೋಡುತ್ತಿರುವುದರಿಂದಲೇ ಮಗು ಉಸಿರಾಡುತ್ತಿದೆ ಎಂದು ನಂಬಿದ್ದವಳಿಗೆ ಇದು ಸಣ್ಣ ಸುದ್ದಿಯಲ್ಲ. ಸಂತೋಷಪಡಬೇಕೋ ಮುನಿಸಿಕೊಳ್ಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದೆ. ಹೌದು ಅಲ್ಲ ಎರಡೂ ಆಗಿ ಒಟ್ಟಿಗೇ ಇರುವ ಆ ವಿದ್ಯೆ ತಮಗೊಬ್ಬರಿಗೇ ಮೀಸಲೆಂದು ತಾವು ಬೀಗಬೇಕಿಲ್ಲ.

ಈಗ ಕೋರಿಕೆ. ನಾನು ಕೆಲಸಕ್ಕೆ ಹೋಗಬಹುದೆಂದು ಗೊತ್ತಾಗಿದೆ. ಆದರೆ ತಮ್ಮ ವಿಜ್ಞಾನವೇ ಹೇಳುವಂತೆ, ಇಬ್ಬರೇ ಇದ್ದು ಒಬ್ಬರು ಹಸಿವೆಂದು ಇನ್ನೊಬ್ಬರು ನಿದ್ದೆಯೆಂದರೆ ತಪ್ಪಾಗಿದೆಯೆಂದು ತಿಳಿಯುತ್ತದೆಯೇ ಹೊರತು ತಪ್ಪಿದ್ದು ಯಾರೆಂದು ತಿಳಿಯುವುದಿಲ್ಲ. ಮೂರನೆಯವರು ಬೇಕೇ ಬೇಕು, ಅವರು ಬಹುಪಾಲು ತಪ್ಪನ್ನೇ ಹೇಳುವವರಾದರೂ. ಆದ್ದರಿಂದ ತಮ್ಮ ಇಂಜಿನಿಯರನ್ನು ಆ ಒಂದು ವಾರ ಬಿಟ್ಟುಕೊಡಬೇಕಾಗಿ ಪ್ರಾರ್ಥನೆ. ಸಾಧ್ಯವಾದರೆ ತಾವು ಆ ವಾರ ತಂತಾನೇ ತಣ್ಣಗಾಗಿ. ಅದೂ ಆಗದಿದ್ದರೆ ಸಂಕೋಚಪಡದೆ ಅತ್ತುಬಿಡಿ. ಅಲ್ಲಿರುವ ಅಷ್ಟು ಜನರಲ್ಲಿ ಯಾರಾದರೂ ಎತ್ತಿಕೊಳ್ಳುತ್ತಾರೆ. ಎರಡು ದಿನ ಕಳೆದರೆ ಅಭ್ಯಾಸವಾಗುತ್ತದೆಂದು ನಮ್ಮ ಅತ್ತೆಯ ಅನುಭವ.

ತಮ್ಮ ಆಯಸ್ಸು ಕಣ್ಣು ಮಿಟುಕಿಸುವುದನ್ನೂ ಮೀರಿ ಬೆಳೆಯಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಟುವ್ವಿಯ ಅಮ್ಮ

ತಾ.ಕ.: ಈ ಪತ್ರವನ್ನು ತಮ್ಮ ಇಂಜಿನಿಯರಿಗೆ ಓದಲು ಕೊಟ್ಟೆ. ರಜೆಯ ಮಾತು ಬಂದಲ್ಲಿ ಅವರ ತಲೆ ಸ್ವಲ್ಪ ಅಲ್ಲಾಡಿತು. ಅದು ಹೌದೋ ಅಲ್ಲವೋ ನನಗೆ ಸ್ಪಷ್ಟವಾಗಲಿಲ್ಲ, ಅವರನ್ನೇ ಕೇಳಿ ಕೆಡಿಸುವುದು ಬೇಡವೆಂದು ಕೇಳಲೂ ಇಲ್ಲ. ಅಕ್ಕಪಕ್ಕದಲ್ಲಿದ್ದ ಅತ್ತೆ ಮತ್ತು ಟೈಲರ್ ಅಕ್ಕನನ್ನು ವಿಚಾರಿಸಿದೆ. ಇಬ್ಬರಿಗೂ ಅದು ಹೌದೆಂದೇ ಕಂಡಿದೆ. ಅದರಂತೆ ತಿದ್ದಲಾಗಿದೆ.