ಕುಂಡದ ಆಲಕ್ಕೆ ವೈದ್ಯಕೀಯ ರಜೆ

ಹಳೆಯ ನಕ್ಷೆಗಳ ಸಂರಕ್ಷಣಾ ಕಚೇರಿಯಲ್ಲಿ ನೀರಿನ ಅಭಾವದಿಂದ ಇದುವರೆಗೆ ಯಾವ ಗಿಡವೂ ಸತ್ತಿಲ್ಲ ಎಂಬುದನ್ನು ಮೊದಲಿಗೇ ದಾಖಲಿಸತಕ್ಕದ್ದು. ಅಲ್ಲಿ ಇದ್ದದ್ದೇ ಒಂದು ಗಿಡ. ತಟ್ಟೆಯಂಥ ಕುಂಡದಲ್ಲಿ ಬೆಳೆದ, ಒಂದೂವರೆ ಅಡಿ ಎತ್ತರದ ಬೋನ್ಸಾಯ್ ಆಲ. ನಿರ್ದೇಶಕರ ಕೋಣೆಯ ಕಿಟಕಿಯ ಪಕ್ಕ, ಸ್ಟೂಲಿನ ಮೇಲೆ ಅದರ ವಾಸ. ಅದಕ್ಕೆ ದಿನಕ್ಕೆ ಏಳು ಲೋಟ ನೀರು ಹಾಕಲಾಗುತ್ತಿತ್ತು.

ಮರ ಅಸಲಿಗೆ ಕಚೇರಿಯದಲ್ಲ. ಟಪಾಲು ವಿಭಾಗದ ಗುಮಾಸ್ತೆಯದು. ಅವಳನ್ನು ಎಲ್ಲರೂ ಟಪಾಲಕ್ಕ ಅಂತಲೇ ಕರೆಯುತ್ತಿದ್ದರು. ಅವಳ ಸೋದರಮಾವ ಹತ್ತೊಂಬತ್ತು ವರ್ಷ ತಂತಿ ಸುತ್ತಿ, ಚಿಗುರು ಕತ್ತರಿಸಿ, ಮಗುವಿನಂತೆ ಸಾಕಿದ ಮರ ಅದು. ಸಾಯುವಾಗ ಮನೆಯನ್ನು ತಮ್ಮನಿಗೂ ಮರವನ್ನು ಸೋದರಸೊಸೆಗೂ ಬಿಟ್ಟು ಹೋಗಿದ್ದ. ತನಗೇ ಲಾಭವಾಯಿತೆಂದು ಅವಳು ನಂಬಿದ್ದಳು. ಮೇಲಧಿಕಾರಿಗಳ ತಪಾಸಣೆಯ ಹಿಂದಿನ ದಿನ, ಕೋಣೆ ಬೋಳುಬೋಳಾಗಿ ಕಾಣುತ್ತದೆ ಎಂದು ನಿರ್ದೇಶಕರು ಪೇಚಾಡಿದ್ದನ್ನು ಕೇಳಿ, ಒಂದೇ ದಿನದ ಮಟ್ಟಿಗೆ ಎಂದು ತಂದಿಟ್ಟಳು. ತಪಾಸಣೆ ಮುಗಿದ ಸಂಜೆ ಒಯ್ಯಲು ಹೋದರೆ ಉಗ್ರಾಣದ ಗುಮಾಸ್ತ ಕುಂಡಕ್ಕೆ ೪೧೨ ಎಂಬ ಚೀಟಿ ಅಂಟಿಸಿಯಾಗಿತ್ತು. ೪೧೧ ಒಂದು ಕುರ್ಚಿ, ೪೧೩ ಗೋಡೆ ಗಡಿಯಾರ. ಸಂಖ್ಯೆ ಬಿದ್ದ ವಸ್ತು ಹೊಸ್ತಿಲು ದಾಟುವಂತಿರಲಿಲ್ಲ.

ಮರುದಿನವೇ ಸುತ್ತೋಲೆ ಬಂತು. “ಸದರಿ ಮರವು ಏಳೂ ವಿಭಾಗಗಳ ಸಮಾನ ಸೊತ್ತಾಗಿರುವುದರಿಂದ, ಪ್ರತಿ ವಿಭಾಗವೂ ದಿನಕ್ಕೊಂದು ಲೋಟ ನೀರು ಹಾಕಿ ನೀರಿನ ವಹಿಯಲ್ಲಿ ಸಹಿ ಮಾಡತಕ್ಕದ್ದು. ಖಾಲಿ ಬಿಟ್ಟ ಅಂಕಣವನ್ನು ಕರ್ತವ್ಯಲೋಪವೆಂದು ಭಾವಿಸಲಾಗುವುದು.” ಏಳು ಜನ ಹನ್ನೊಂದು ಗಂಟೆಗೆ ಸಾಲಾಗಿ ನಿಂತು ಹಾಕಿದರು. ಎರಡು ವಾರದಲ್ಲಿ ಎಲೆ ಹಳದಿಯಾಯಿತು, ಮೂರನೆಯ ವಾರದಲ್ಲಿ ಉದುರತೊಡಗಿತು. ಮಣ್ಣಿನಿಂದ ಹುಳಿ ವಾಸನೆ ಬಂತು. ಎಲೆಯ ಸಂದುಗಳಲ್ಲಿ ಹತ್ತಿಯ ಚೂರಿನಂಥ ಬಿಳಿ ಹುಳು ಕೂತವು. ಮರದ ಕೆಳಗಿಟ್ಟ ಕಡತಗಳು ಅಂಟಂಟಾಗಿ ಒಂದಕ್ಕೊಂದು ಹಿಡಿದುಕೊಂಡವು.

ಟಪಾಲಕ್ಕ ಮಣ್ಣಿನೊಳಗೆ ಬೆರಳಿಟ್ಟು ನೋಡಿದಳು. ಕೆಸರು. ನೇರ ಅಧೀಕ್ಷಕರ ಮೇಜಿಗೆ ಹೋದಳು.

“ಸರ್, ಬೇರು ಕೊಳೀತಾ ಇದೆ. ನೀರು ನಿಲ್ಲಿಸ್ಬೇಕು. ಆ ಬಿಳೀದು ಹಿಟ್ಟು ತಿಗಣೆ ಅನ್ನೋ ಹುಳ, ಅಂಟು ಬರ್ತಿರೋದೂ ಅದರಿಂದಲೇ. ಹೀಗೇ ಬಿಟ್ರೆ ಇನ್ನು ಎಂಟು ದಿನ ಉಳಿಯಲ್ಲ.”

“ನೀರು ಹಾಕೋಕೆ ಆದೇಶ ಇದೆಯಮ್ಮ,” ಅಂದರು ಅಧೀಕ್ಷಕರು. “ಹಾಕದೆ ಇರೋಕೆ ಆದೇಶ ಎಲ್ಲಿದೆ?”

“ನನ್ನ ಒಂದು ಲೋಟನಾದ್ರೂ ಬಿಡ್ತೀನಿ.”

“ಬಿಟ್ಟು ನೋಡು. ಮರ ಸತ್ತರೆ, ಅವತ್ತು ಯಾರ ಅಂಕಣ ಖಾಲಿ ಇತ್ತು ಅಂತ ಮೊದಲು ನೋಡ್ತಾರೆ.”

ಮಾತು ಸರಿಯಾಗಿಯೇ ಇತ್ತು. ಅವಳು ತನ್ನ ಲೋಟವನ್ನೂ ತಂದು ಹಾಕಿ, ಸಹಿ ಮಾಡಿ, ಬಚ್ಚಲುಮನೆಗೆ ಹೋಗಿ ಅತ್ತಳು.

ಆದರೂ ದೂರು ದೂರೇ. ರೋಗನಿದಾನ ಸಮಿತಿಯೊಂದನ್ನು ರಚಿಸಲಾಯಿತು. ಸಮಿತಿ ಮೂರು ದಿನ ಮರವನ್ನು ಸುತ್ತಿ, ಭೂತಗನ್ನಡಿಯಲ್ಲಿ ನೋಡಿ, ವರದಿ ಕೊಟ್ಟಿತು. ಬಿಳಿ ಪದಾರ್ಥವು ಸೂರಿನಿಂದ ಉದುರಿದ ಸುಣ್ಣ. ಆದ್ದರಿಂದ ಸೂರನ್ನು ಕೆರೆಯತಕ್ಕದ್ದು. ಅಂಟು ಸಿಬ್ಬಂದಿಯ ಅಜಾಗರೂಕತೆ. ಆದ್ದರಿಂದ ಕಚೇರಿಗೆ ಗೋಂದು ಕೊಡುವುದನ್ನು ನಿಲ್ಲಿಸತಕ್ಕದ್ದು. ಎಲೆ ಉದುರುವುದು ಬಾಯಾರಿಕೆಯ ಲಕ್ಷಣ. ಲೋಟದ ಗಾತ್ರ ಹೆಚ್ಚಿಸತಕ್ಕದ್ದು. ಅಂದೇ ದೊಡ್ಡ ಲೋಟಗಳು ಬಂದವು. ಗೋಂದಿಲ್ಲದೆ, ಹೊರಹೋಗಬೇಕಾದ ಲಕೋಟೆಗಳೆಲ್ಲ ಬಾಯಿ ತೆರೆದುಕೊಂಡು ಟಪಾಲಕ್ಕನ ಮೇಜಿನ ಮೇಲೆ ಬಿದ್ದಿದ್ದವು.

ಕೆಲಸವಿಲ್ಲದೆ ಕೂತವಳು ನಿಯಮಾವಳಿ ತೆಗೆದು ಓದಿದಳು. ಆ ಕಚೇರಿಯಲ್ಲಿ ಯಾರ ತಕರಾರೂ ಇಲ್ಲದೆ ಮಂಜೂರಾಗುತ್ತಿದ್ದದ್ದು ಒಂದೇ, ವೈದ್ಯಕೀಯ ರಜೆ. ರಜೆ ಕೇಳುವವರು ಮನುಷ್ಯರೇ ಆಗಿರಬೇಕೆಂದು ಎಲ್ಲೂ ಬರೆದಿರಲಿಲ್ಲ. ಮಧ್ಯಾಹ್ನವೇ ಅವಳು ಅರ್ಜಿ ತುಂಬಿದಳು. ಅರ್ಜಿದಾರರು: ೪೧೨. ಕಾಯಿಲೆ: ಬೇರು ಕೊಳೆ. ವಿಳಾಸ: ಟಪಾಲಕ್ಕನ ಮನೆ. ನಗರ ಉದ್ಯಾನದ ಮಾಲಿಯಿಂದ ಪ್ರಮಾಣಪತ್ರ ತಂದಳು. ಸಹಿಯ ಜಾಗದಲ್ಲಿ ಎಲೆಯೊಂದನ್ನು ಮಸಿಗೆ ಅದ್ದಿ ಒತ್ತಿದಳು.

ನಿರ್ದೇಶಕರು ಅರ್ಜಿಯನ್ನು ಎರಡು ಸಲ ಓದಿದರು.

“ಎಲ್ಲ ಸರಿಯಾಗಿದೆ. ಪ್ರಭಾರ ಯಾರಿಗೆ ಕೊಡುತ್ತೆ?”

ಅವಳು ಇದನ್ನು ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು. “ಸಭಾಂಗಣದಲ್ಲಿ ಒಂದು ಪ್ಲಾಸ್ಟಿಕ್ ಗಿಡ ಇದೆ ಸರ್.”

“ಅದಕ್ಕೆ ಅನುಭವ ಇದೆಯಾ?”

“ಆರು ವರ್ಷದಿಂದ ಇಲ್ಲೇ ಇದೆ.”

ಮೂವತ್ತು ದಿನ ರಜೆ ಮಂಜೂರಾಯಿತು.

ಮನೆಯಲ್ಲಿ ಅವಳು ಮರವನ್ನು ಕುಂಡದಿಂದ ತೆಗೆದು, ಕೊಳೆತ ಬೇರು ಕತ್ತರಿಸಿ, ನೀರು ಬಸಿಯುವ ಹರಳು ಮಣ್ಣಿಗೆ ಹಾಕಿದಳು. ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದೇ ಹುಳವನ್ನು ಒರೆಸಿದಳು. ಮೇಲ್ಮಣ್ಣು ಒಣಗುವ ತನಕ ಹನಿ ನೀರು ಹಾಕಲಿಲ್ಲ. ಹದಿನೆಂಟನೆಯ ದಿನ ಕೊಂಬೆಯ ತುದಿಯಲ್ಲಿ ಹಸಿರು ಮೊಗ್ಗೆ ಒಡೆಯಿತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು ಅವಳಿಗೆ. ಮರುಕ್ಷಣವೇ ಎದ್ದು ಕಿಟಕಿಯ ಪರದೆ ಎಳೆದಳು. ಗುಣವಾದ ಅರ್ಜಿದಾರರು ತಕ್ಷಣ ಕೆಲಸಕ್ಕೆ ಹಾಜರಾಗತಕ್ಕದ್ದು ಎಂಬುದೂ ಅದೇ ನಿಯಮಾವಳಿಯಲ್ಲಿತ್ತು. ಆಮೇಲೆ ಪ್ರತಿ ಚಿಗುರನ್ನೂ ಅವಳು ಮುದ್ದಿಸುತ್ತಿದ್ದಳು, ಬೈಯುತ್ತಿದ್ದಳು. “ಸ್ವಲ್ಪ ನಿಧಾನ ಮಾಡೇ, ಯಾರಾದ್ರೂ ನೋಡಿಯಾರು.”

ಮೂವತ್ತೊಂದನೆಯ ದಿನ ಕರೆ ಬಂತು. ನಿರ್ದೇಶಕರ ಮುಂದೆ ನೀರಿನ ವಹಿ ತೆರೆದಿತ್ತು.

“ನೋಡಮ್ಮ, ನೀನು ಬೇಜಾರು ಮಾಡ್ಕೋಬಾರದು. ಪ್ರಭಾರದ ಗಿಡಕ್ಕೆ ಒಂದು ತಿಂಗಳಿಂದ ದಿನಕ್ಕೆ ಏಳು ಲೋಟ, ಅದೂ ದೊಡ್ಡ ಲೋಟ ನೀರು ಹಾಕಿದ್ದೀವಿ. ಒಂದು ಎಲೆ ಉದುರಿಲ್ಲ. ಒಂದು ಹುಳ ಇಲ್ಲ. ಅಂದಮೇಲೆ ತಪ್ಪು ನೀರಿನದ್ದಲ್ಲ.”

“ಮತ್ತೆ?” ಅಂದಳು ಟಪಾಲಕ್ಕ.

“ಮರದ್ದು. ಈ ಕಚೇರಿಯ ಕೆಲಸದ ಒತ್ತಡ ತಾಳೋಕೆ ಅದಕ್ಕೆ ಆಗಲಿಲ್ಲ. ಕಡ್ಡಾಯ ನಿವೃತ್ತಿ ಕೊಡದೆ ಬೇರೆ ದಾರಿ ಇಲ್ಲ. ವಾರಸುದಾರರು ಒಯ್ಯಬಹುದು.”

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಆಲಕ್ಕಂತೂ ಆ ಮಾತು ಸಲ್ಲುತ್ತದೆ. ಟಪಾಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದುಃಖ ಉಕ್ಕಿತೆಂದು ತಿಳಿದ ನಿರ್ದೇಶಕರು ಜವಾನನಿಗೆ ಹೇಳಿ ನೀರು ತರಿಸಿಕೊಟ್ಟರು.

ಬೀಳ್ಕೊಡುಗೆ ಸಮಾರಂಭ ನಡೆಯಿತು. ಮರಕ್ಕೆ ಅನಾರೋಗ್ಯದ ಕಾರಣ ಬರಲಾಗಲಿಲ್ಲವೆಂದು ಟಪಾಲಕ್ಕ ತಿಳಿಸಿದಳು. ಸಭೆ ಒಂದು ನಿಮಿಷ ವಿಷಾದಿಸಿತು. ಅಧೀಕ್ಷಕರು ಮರದ ಸರಳತೆಯನ್ನೂ ಎಂದೂ ಎದುರು ಮಾತಾಡದ ಗುಣವನ್ನೂ ಕೊಂಡಾಡಿದರು. ಪ್ಲಾಸ್ಟಿಕ್ ಗಿಡವನ್ನು ಅದೇ ಸಭೆಯಲ್ಲಿ ಕಾಯಂ ಮಾಡಲಾಯಿತು.

ಪ್ಲಾಸ್ಟಿಕ್ ಗಿಡ ನೀರು ಕುಡಿಯುವುದಿಲ್ಲವಾಗಿ, ದಿನಾ ಹನ್ನೊಂದು ಗಂಟೆಯ ನಂತರ ನೀರು ಸ್ಟೂಲಿನಿಂದ ಇಳಿದು, ನಿರ್ದೇಶಕರ ಕೋಣೆ ದಾಟಿ, ಏಳೂ ವಿಭಾಗಗಳಿಗೆ ಹರಿಯುತ್ತದೆ. ಇದರ ಬಗ್ಗೆಯೂ ಸುತ್ತೋಲೆ ಬಂದಿದೆ: ಹನ್ನೊಂದರಿಂದ ಒಂದರವರೆಗೆ ಸಿಬ್ಬಂದಿ ಕಾಲು ಮೇಲಿಟ್ಟುಕೊಂಡು ಕೆಲಸ ಮಾಡತಕ್ಕದ್ದು. ಎಲ್ಲರೂ ಹಾಗೆಯೇ ಮಾಡುತ್ತಾರೆ. ಟಪಾಲಕ್ಕನೂ ತನ್ನ ಲೋಟ ಹಾಕಿ, ಸಹಿ ಮಾಡಿ ಬಂದು, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಟಪಾಲು ಬರೆಯುತ್ತಾಳೆ. ಮೊದಮೊದಲು ಮಂಡಿ ನೋಯುತ್ತಿತ್ತು, ಈಗ ಹಾಯಾಗಿದೆ ಅನ್ನುತ್ತಾಳೆ.