ಕಮಲಾಪುರದ ದೊಡ್ಡ ನಾಯಿ, ರೋಜಾದ ಸಣ್ಣ ನಾಯಿ

ಮನೆಗೆ ನಾಯಿ ತರುವವನು ಮೊದಲು ಅಂಗಳದ ಅಗಲ ನೋಡಬೇಕು, ಆಮೇಲೆ ಹಿಟ್ಟಿನ ಡಬ್ಬಿ ನೋಡಬೇಕು. ನಾನು ನೋಡಿದ್ದು ಕನ್ನಡಿಯನ್ನು. ನಾನು ಕುಳ್ಳ. ಉದ್ದನೆಯ ಕೋಟು ತೊಟ್ಟು ಕರಿ ಟೋಪಿ ಇಟ್ಟುಕೊಂಡರೂ ಕಚೇರಿಯ ಜವಾನ ನನ್ನ ತಲೆಯ ಮೇಲಿಂದಲೇ ಹಿಂದಿದ್ದವರಿಗೆ ಸಲಾಮು ಹೊಡೆಯುತ್ತಿದ್ದ. ಅಂಥವನ ಪಕ್ಕದಲ್ಲಿ ಸೊಂಟದೆತ್ತರದ ಬೇಟೆ ನಾಯಿಯೊಂದು ಹೆಜ್ಜೆ ಹಾಕಿದರೆ ನಮ್ಮ ಬ್ರಹ್ಮಪುರದ ಓಣಿ ನನ್ನನ್ನು ಹೇಗೆ ನೋಡೀತು ಎಂದು ಊಹಿಸಿಕೊಂಡಾಗೆಲ್ಲ ನನ್ನ ಎದೆ ತಾನಾಗಿಯೇ ಉಬ್ಬುತ್ತಿತ್ತು.

ಪೋಲೀಸ್ ಆಕ್ಷನ್ ನಡೆದು ನಿಜಾಮರ ಆಳ್ವಿಕೆ ಮುಗಿದು ಕೆಲವು ತಿಂಗಳಾಗಿದ್ದ ಕಾಲ. ಕಲಬುರಗಿಯ ಜನ ಮತ್ತೆ ಕಟ್ಟೆಯ ಮೇಲೆ ಕುಳಿತು ಹರಟಲು ಶುರು ಮಾಡಿದ್ದರು. ಆದರೂ ಹಿಂದಿನ ವರ್ಷದ ಅಂಜಿಕೆ ಪೂರ್ತಿ ಹೋಗಿರಲಿಲ್ಲ. ಯಾರಾದರೂ ಬಾಗಿಲು ಬಡಿದರೆ ಮೊದಲು ಕಿಟಕಿಯ ಸಂದಿಯಿಂದ ನೋಡುವ ಚಾಳಿ ಎಲ್ಲರ ಮನೆಯಲ್ಲೂ ಉಳಿದಿತ್ತು. ನಾನು ಕಚೇರಿಗೆ ಹೋದರೆ ಮನೆಯಲ್ಲಿ ಹೆಂಗಸರಿಬ್ಬರೇ ಉಳಿಯುತ್ತಿದ್ದರು, ನನ್ನ ಹೆಂಡತಿ ಸುಶೀಲಾ ಮತ್ತು ಅವ್ವ. ಒಂದು ನಾಯಿಯಾದರೂ ಇರಲಿ ಎಂದು ಸುಶೀಲಾ ಹೇಳಿದಳು. ಅವ್ವ ಕಟ್ಟಾ ಮಡಿಯವಳು. ಮಡಿ ಸೀರೆಯನ್ನು ಅಂಗಳದಲ್ಲಿ ಎತ್ತರದ ಗಳದ ಮೇಲೆ ಕೋಲಿನಿಂದ ಒಣಹಾಕಿ, ಗಾಳಿ ಬೀಸಿದರೂ ಅನುಮಾನದಿಂದ ನೋಡುತ್ತಿದ್ದಳು. ಅಂಥ ಅವ್ವನೂ ಕೊನೆಗೆ, ನಾಯಿ ಅಂಗಳ ದಾಟಿ ಪಡಸಾಲೆಗೆ ಬರಕೂಡದು ಎಂಬ ಕರಾರಿನ ಮೇಲೆ ಒಪ್ಪಿದಳು.

ಆಗ ಎರಡು ನಾಯಿಗಳು ನಮ್ಮ ಪಾಲಿಗೆ ಬಂದವು. ಒಂದು ಕಮಲಾಪುರದ್ದು. ಅಲ್ಲಿ ಸುಶೀಲಾಳ ತಮ್ಮ ವೆಂಕಣ್ಣನ ಬಾಳೆ ತೋಟ ಕಾಯುತ್ತಿದ್ದ ಬೇಟೆ ನಾಯಿ, ಹೆಸರು ಶೇರು. ಇನ್ನೊಂದು ನಮ್ಮೂರಿನದೇ ರೋಜಾ ಮೊಹಲ್ಲಾದ ಮಹಮೂದ್ ಸಾಹೇಬರದು. ಅವರು ನಮ್ಮ ಕಚೇರಿಯ ಹಿರಿಯ ಗುಮಾಸ್ತರು, ನನಗೆ ಉರ್ದುವಿನಲ್ಲಿ ಅರ್ಜಿ ಬರೆಯುವುದನ್ನು ತಿದ್ದಿ ತೀಡಿ ಕಲಿಸಿದವರು. ರಜಾಕಾರರ ಗದ್ದಲದ ದಿನಗಳಲ್ಲಿ ಸಂಜೆ ಕಚೇರಿ ಬಿಟ್ಟ ಮೇಲೆ ತಮ್ಮ ದಾರಿ ಬಿಟ್ಟು ನನ್ನ ಜೊತೆ ಬ್ರಹ್ಮಪುರದ ತನಕ ನಡೆದು ಬಂದು, ನಾನು ಒಳಗೆ ಹೋಗಿ ಅಗಳಿ ಹಾಕಿದ ಸದ್ದು ಕೇಳಿದ ಮೇಲೆಯೇ ತಿರುಗುತ್ತಿದ್ದರು. ಪೋಲೀಸ್ ಆಕ್ಷನ್ ಆದ ಮೇಲೆ ಅಂಜುವ ಸರದಿ ಅವರದಾಯಿತು. ರೋಜಾದ ತನಕ ನಡೆಯುವ ಸರದಿ ನನ್ನದಾಯಿತು. ಈಗ ಅವರು ಕೆಲಸ ಬಿಟ್ಟು ಹೈದರಾಬಾದಿನಲ್ಲಿದ್ದ ಮಗನ ಮನೆಗೆ ಹೊರಟಿದ್ದರು. ಯಾರೋ ರೈಲ್ವೆ ಸಾಹೇಬ ಊರು ಬಿಡುವಾಗ ಕೊಟ್ಟುಹೋದ ಬಿಳಿ ಕೂದಲಿನ ಪುಟ್ಟ ನಾಯಿ ಅವರ ಬಳಿ ಇತ್ತು. ಹೆಸರು ಗುಡಿಯಾ, ಅಂದರೆ ಗೊಂಬೆ. ಅವರ ಬೇಗಂ ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ; ಸೊಸೆಯಂತೂ ಹೈದರಾಬಾದಿಗೆ ತರಲೇಬಾರದೆಂದು ಹೇಳಿ ಕಳಿಸಿದ್ದಳಂತೆ.

ನೀವು ಇಟ್ಟುಕೊಳ್ಳುತ್ತೀರಾ ಎಂದು ಸಾಹೇಬರು ಸಂಕೋಚದಿಂದ ಕೇಳಿದರು. ನಾನು ಆ ನಾಯಿಯನ್ನು ನೋಡಿದೆ. ಹತ್ತಿ ಹಿಂಜಿ ಗುಡ್ಡೆ ಹಾಕಿದಂತಿತ್ತು. ಅದರ ಪಕ್ಕ ನಾನು ನಡೆದರೆ ಓಣಿಯವರು ಇಬ್ಬರನ್ನೂ ಸೇರಿಸಿ ನಗುವುದು ಖಂಡಿತ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಅತ್ಯಂತ ಮರ್ಯಾದೆಯ ಉರ್ದುವಿನಲ್ಲಿ ಜಾರಿಕೊಂಡು, ಭಾನುವಾರ ಕಮಲಾಪುರಕ್ಕೆ ಹೋಗಿ ಶೇರುವನ್ನು ತಂದೆ.

ಆಹಾ, ಆ ನಾಯಿಯ ಠೀವಿ! ಸಣ್ಣ ನಡು, ಉದ್ದ ಕಾಲು, ಯಾರ ಪರಿವೆಯೂ ಇಲ್ಲದ ಮುಖ. ಮರುದಿನ ಬೆಳಿಗ್ಗೆ ಅದನ್ನು ಹಿಡಿದು ಶರಣಬಸವೇಶ್ವರ ಗುಡಿಯ ಕಡೆ ಹೊರಟಾಗ, ಅದುವರೆಗೆ ನನ್ನನ್ನು ಗುರುತಿಸದವರೂ ದಾರಿ ಬಿಟ್ಟು ನಿಂತು ನಮಸ್ಕಾರ ಮಾಡಿದರು. ನಾನು ನಾಯಿಯನ್ನು ಕರೆದೊಯ್ಯುತ್ತಿದ್ದೆನೋ ನಾಯಿ ನನ್ನನ್ನು ಎಳೆದೊಯ್ಯುತ್ತಿತ್ತೋ ಎಂಬುದನ್ನು ಯಾರೂ ವಿಚಾರಿಸಲಿಲ್ಲ.

ಫಜೀತಿ ಶುರುವಾದದ್ದು ಮನೆಯಲ್ಲಿ. ಸುಶೀಲಾ ಬಡಿದ ರೊಟ್ಟಿಗಳು ಬುಟ್ಟಿಗೆ ಬೀಳುವ ಮೊದಲೇ ಲೆಕ್ಕಕ್ಕೆ ಸಿಗದಂತೆ ಮಾಯವಾಗತೊಡಗಿದವು. ಶೇರು ಖುಷಿಯಿಂದ ಬಾಲ ಬೀಸಿದರೆ ತಂಬಿಗೆಗಳು ಉರುಳುತ್ತಿದ್ದವು. ಕೊನೆಗೆ ಒಂದು ಮಧ್ಯಾಹ್ನ ಅದು ಹಿಂದಿನ ಕಾಲ ಮೇಲೆ ಎದ್ದು ನಿಂತು, ಗಳದ ಮೇಲಿದ್ದ ಅವ್ವನ ಮಡಿ ಸೀರೆಗೆ ನಿಧಾನವಾಗಿ ಮೂಗು ಉಜ್ಜಿತು. ಅವ್ವ ಬೈಯಲಿಲ್ಲ. ಮತ್ತೊಮ್ಮೆ ಸ್ನಾನ ಮಾಡಿ ಬಂದು, ಅಂದು ಊಟವಿಲ್ಲದೆ ಜಪಕ್ಕೆ ಕುಳಿತಳು. ಬೈದಿದ್ದರೆ ವಾಸಿಯಿತ್ತು.

ನಾನು ಏನು ಮಾಡಬೇಕೆಂದು ಯೋಚಿಸುವ ಮೊದಲೇ ಶೇರು ತಾನೇ ತೀರ್ಮಾನ ಮಾಡಿತು. ಒಂದು ಬೆಳಿಗ್ಗೆ ಗೋಡೆ ಹಾರಿ ಹೋಯಿತು. ಊರೆಲ್ಲ ಹುಡುಕಿದೆ. ಮರುದಿನ ವೆಂಕಣ್ಣ ಕೆಂಪು ಬಾಳೆಯ ಗೊನೆ ಹೊತ್ತು ಬಸ್ಸಿನಲ್ಲಿ ಬಂದಿಳಿದ. ನಾಯಿ ಕಮಲಾಪುರದ ತೋಟಕ್ಕೆ ಓಡಿಬಂದು ಬಾಳೆಗಿಡದ ಬುಡದಲ್ಲಿ ಮಲಗಿದೆಯಂತೆ.

“ಭಾವ, ಅದಕ್ಕ ನಿಮ್ಮ ಮ್ಯಾಲ ಸಿಟ್ಟಿಲ್ಲ,” ಎಂದ ವೆಂಕಣ್ಣ. “ಓಡ್ಲಿಕ್ಕಿ ಜಾಗಾ ಬೇಕು ಅದಕ್ಕ, ಅಷ್ಟೇ.”

ನನಗೆ ಬೇಸರವಾಗಬೇಕಿತ್ತು. ಆದರೆ ಕಲಬುರಗಿಯಿಂದ ಕಮಲಾಪುರಕ್ಕೆ ಕೇಳದೆ ಹೇಳದೆ ದಾರಿ ಹಿಡಿದು ಹೋದ ನಾಯಿ ನನ್ನದು ಎಂದು ವಾರಗಟ್ಟಲೆ ಕಚೇರಿಯಲ್ಲಿ ಕೊಚ್ಚಿಕೊಂಡೆ.

ಶೇರು ಓಡಿಹೋದ ವಾರವೇ ಒಂದು ಸಂಜೆ ಮಹಮೂದ್ ಸಾಹೇಬರು ವಿದಾಯ ಹೇಳಲು ಬಂದರು. ಗುಡಿಯಾ ಅವರ ಕೈಚೀಲದಿಂದ ಮುಖ ಹೊರಹಾಕಿತ್ತು. ನಾಯಿಯ ಮಾತನ್ನು ಅವರು ಎತ್ತಲೇ ಇಲ್ಲ. ಸ್ಟೇಷನ್ನಿನ ಹತ್ತಿರ ಚಹಾ ಅಂಗಡಿಯವನೊಬ್ಬ ಇಟ್ಟುಕೊಳ್ಳುತ್ತಾನಂತೆ, ಅಷ್ಟೇ ಎಂದರು. ಆದರೆ ಅವರ ಕೈ ಮಾತ್ರ ಅದರ ತಲೆ ಬಿಟ್ಟು ಕದಲುತ್ತಿರಲಿಲ್ಲ. ನಾವೇ ಇಟ್ಟುಕೊಳ್ಳುತ್ತೇವೆ ಎನ್ನಬೇಕೆಂದು ನನಗೆ ಅನಿಸಿತು. ಅವ್ವನನ್ನು ಕೇಳುವ ಧೈರ್ಯವಿರಲಿಲ್ಲ. ಆ ಸೀರೆಯ ಪ್ರಕರಣ ಇನ್ನೂ ಹಸಿಯಾಗಿತ್ತು.

ಆಗ ಅವ್ವ ತಾನೇ ಬಾಗಿಲಿಗೆ ಬಂದಳು. ಅಷ್ಟು ದಿನಗಳಲ್ಲಿ ಸಾಹೇಬರೊಂದಿಗೆ ಎದುರಾಬದುರು ಮಾತಾಡಿದವಳಲ್ಲ. ಸೆರಗು ಸರಿಮಾಡಿಕೊಂಡು, ನಾಯಿಯನ್ನೂ ಗಳದ ಎತ್ತರವನ್ನೂ ಒಮ್ಮೆ ಅಳೆದು ನೋಡಿ ಹೇಳಿದಳು:

“ಅದನ್ನ ಇಲ್ಲೇ ಬಿಡ್ರಿ. ಇದರ ಮೂಗು ನನ್ನ ಮಡಿಗಿ ನಿಲುಕೂದಿಲ್ಲ. ನನ್ನ ಮಗನ್ನ ದಿನಾ ಈ ಬಾಗಿಲಿಗಿ ಮುಟ್ಟಿಸೀರಿ ನೀವು. ನಿಮ್ಮ ಕೂಸು ಚಹಾದಂಗಡ್ಯಾಗ ಯಾಕ ಇರಬೇಕು?”

ಸಾಹೇಬರು ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು. ಗುಡಿಯಾಗೆ ಉರ್ದುವಷ್ಟೇ ತಿಳಿಯುತ್ತದೆ, ಅದೇ ಒಂದು ತೊಂದರೆ ಎಂದು ಕೊನೆಗೆ ಹೇಳಿದರು. ಹಾಗಾದರೆ ಕಲಿಸಿ ಹೋಗಿರಿ ಎಂದಳು ಅವ್ವ. ನಮ್ಮ ಅಂಗಳದಲ್ಲಿ ನಿಂತು ಅವರು ಒಂದೊಂದೇ ಮಾತು ಹೇಳಿಕೊಟ್ಟರು; ಅವ್ವ ಸ್ತೋತ್ರ ಒಪ್ಪಿಸುವಷ್ಟೇ ಶ್ರದ್ಧೆಯಿಂದ “ಬೈಠೋ”, “ಆಓ” ಎಂದಳು. ಗುಡಿಯಾ ಕುಳಿತಿತು, ಬಂದಿತು. ಬದುಕಿನಲ್ಲಿ ನಾನು ಅನೇಕ ಸಲ ಬೀಗಿದ್ದೇನೆ, ಹೆಚ್ಚಿನವು ಸುಳ್ಳು ಕಾರಣಕ್ಕೆ. ಆ ಸಂಜೆ ಅವ್ವನನ್ನು ನೋಡುತ್ತ ಬೀಗಿದ್ದು ಮಾತ್ರ ಖರೆ.

ಗುಡಿಯಾ ನಮ್ಮ ಮನೆಯಲ್ಲಿ ಬಹುಕಾಲ ಬಾಳಿತು. ಕರಾರಿನ ಪಡಸಾಲೆಯನ್ನು ಅದು ಯಾವಾಗ ದಾಟಿತೋ ಅವ್ವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ದಿನಾ ಸಂಜೆ ಅದನ್ನು ತಿರುಗಾಡಿಸುವುದು ನನ್ನ ಕೆಲಸವಾಯಿತು. ಓಣಿಯ ತುದಿಯಲ್ಲಿ ನಿಂತು, ಇದು ರೈಲ್ವೆ ಸಾಹೇಬರ ಖಾಸಾ ಜಾತಿ, ಸಾಮಾನ್ಯರಿಗೆ ಪಳಗುವುದಿಲ್ಲ ಎಂದು ನಾನು ಯಾರಿಗಾದರೂ ಗತ್ತಿನಿಂದ ಬಣ್ಣಿಸುತ್ತಿರುವಾಗಲೇ ಅವ್ವ ಕಟ್ಟೆಯ ಮೇಲೆ ನಿಂತು “ಆಓ” ಎನ್ನುತ್ತಿದ್ದಳು. ನಾಯಿ ಓಡುತ್ತಿತ್ತು. ಹಗ್ಗ ಹಿಡಿದ ನಾನೂ ಹಿಂದೆಯೇ ಓಡುತ್ತಿದ್ದೆ. ಅವ್ವ ಕರೆದದ್ದು ಇಬ್ಬರಲ್ಲಿ ಯಾರನ್ನು ಎಂದು ಓಣಿಯವರಿಗೆ ಕೊನೆಗೂ ತಿಳಿಯಲಿಲ್ಲ. ನನಗೂ ಅಷ್ಟು ಖಾತ್ರಿಯಿಲ್ಲ.