ನಾಲ್ಕು ಕಾಲಿನ ಟರ್ಕಿ ಕೋಳಿ

ಗೋದಾಮಿನ ಗುಮಾಸ್ತನಿಗೆ ಬೇರೆ ಯಾವ ಚಟವೂ ಇರಲಿಲ್ಲ, ಬಾಯಿ ಜಾರುವುದೊಂದನ್ನು ಬಿಟ್ಟು. ಬುಧವಾರ ಸಂಜೆ ಆಫೀಸು ಮುಚ್ಚುವ ಹೊತ್ತಿಗೆ ಮೇಲಧಿಕಾರಿ ಮೇಡಂ ಕಿಟಕಿಯ ಬಳಿ ನಿಂತು, "ನಾಳೆ ನಮ್ಮ ದೇಶದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಎಲ್ಲರೂ ಒಂದೇ ಮೇಜಿಗೆ ಕೂತು ಟರ್ಕಿ ಕೋಳಿ ತಿಂತಾರೆ. ನನಗೆ ಇಲ್ಲಿ ಬರೀ ಬ್ರೆಡ್ಡು" ಎಂದು ನಿಟ್ಟುಸಿರು ಬಿಟ್ಟರು. ಪರದೇಶದಿಂದ ಬಂದು ಆರು ತಿಂಗಳಾಗಿತ್ತು. ಕಲಿತ ಮಾತನ್ನು ಒಂದೊಂದಾಗಿ ಪೋಣಿಸಿ ಆಡುತ್ತಿದ್ದರು.

"ಅಯ್ಯೋ, ನಮ್ಮನೆಗೇ ಬನ್ನಿ ಮೇಡಂ!" ಎಂದುಬಿಟ್ಟ ಗುಮಾಸ್ತ.

ಜಾರಿದ ಬಾಯಿಗೆ ಕಾರಣವೂ ಇತ್ತು. ಗೋದಾಮಿನಲ್ಲಿ ಇನ್ನು ಇಬ್ಬರು ಬೇಡ, ಒಬ್ಬರು ಸಾಕು ಎಂದು ಮೇಲಿನಿಂದ ಆಜ್ಞೆಯಾಗಿತ್ತು. ಒಬ್ಬ ಇವನು, ಇನ್ನೊಬ್ಬ ಎದುರು ಕೂರುವ ಟೈಪಿಸ್ಟ್. ಯಾರು ಉಳಿಯಬೇಕೆಂದು ಶುಕ್ರವಾರ ಬೆಳಿಗ್ಗೆ ಮೇಡಂ ಬರೆದುಕೊಡಬೇಕು. ನಲವತ್ತೇಳು ವರ್ಷದವನನ್ನು ಬೇರೆ ಯಾವ ಪುಣ್ಯಾತ್ಮ ಕೆಲಸಕ್ಕೆ ಕರೆದಾನು?

ಗುರುವಾರ ರಜೆ ಹಾಕಿ ಕೂತ. ಹೆಂಡತಿ ನೇರವಾಗಿ ಹೇಳಿದಳು: "ರೀ, ಇದ್ದದ್ದು ಇದ್ದ ಹಾಗೆ ಹೇಳಿ. ಈ ಕೆಲಸ ಹೋದ್ರೆ ನಾವು ಬೀದಿಗೆ ಬೀಳ್ತೀವಿ ಅಂತ."

ಅಷ್ಟರಲ್ಲಿ ಮಹಡಿಯ ಮೇಷ್ಟ್ರು ಇಳಿದು ಬಂದರು. ಅವರು ನಿವೃತ್ತರಾಗಿ ಹನ್ನೆರಡು ವರ್ಷವಾಗಿತ್ತು, ಆದರೆ ಪಾಠ ಮಾಡುವುದನ್ನು ನಿಲ್ಲಿಸಿರಲಿಲ್ಲ. "ಏನಮ್ಮಾ, ಭಿಕ್ಷೆ ಬೇಡಿದ್ರೆ ಭಿಕ್ಷೆ ಸಿಗುತ್ತೆ, ಕೆಲಸ ಸಿಗಲ್ಲ. ಮನುಷ್ಯನಿಗೆ ಒಂದು ಗತ್ತು ಬೇಕು! ನನ್ನ ಊಟದ ಮೇಜು ತಗೊಂಡು ಹೋಗಯ್ಯಾ."

ಮೇಜು ಬಂತು. ಅದು ಬಾಗಿಲಲ್ಲಿ ಹಿಡಿಸದೆ ಬಾಗಿಲನ್ನೇ ಕಳಚಬೇಕಾಯಿತು. ಮೇಜಿನ ಹಿಂದೆ ಅವರಿವರ ಮನೆಯ ಪರದೆ, ಗಾಜಿನ ಲೋಟ, ಹೂದಾನಿ ಎಲ್ಲ ಬಂದವು. ಮಧ್ಯಾಹ್ನದ ಹೊತ್ತಿಗೆ ಗುಮಾಸ್ತನಿಗೆ ತನ್ನ ಮನೆಯಲ್ಲಿ ಕೂರಲು ತನಗೇ ಸಂಕೋಚವಾಗತೊಡಗಿತು.

ಬಾರದೆ ಉಳಿದದ್ದು ಟರ್ಕಿ ಕೋಳಿ ಒಂದೇ. ಕೋಳಿ ಅಂಗಡಿಯವನು, "ಅಂಥದ್ದು ಚಿತ್ರದಲ್ಲಿ ನೋಡಿದೀನಿ" ಎಂದು ನಕ್ಕು ಕಳಿಸಿದ. ಗುಮಾಸ್ತ ತಲೆಯ ಮೇಲೆ ಕೈ ಹೊತ್ತು ಕೂತಿರುವಾಗ ಎದುರು ಮನೆಯ ದರ್ಜಿ, ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಬಂದ.

"ಟರ್ಕಿ ಅಂದ್ರೆ ಏನಣ್ಣಾ? ದೊಡ್ಡ ಅಳತೆಯ ಕೋಳಿ ತಾನೆ? ಎರಡು ಕೋಳಿ ತರಿಸಿ, ಸೇರಿಸಿ ಹೊಲಿದು ಕೊಡ್ತೀನಿ. ಹೊಲಿಗೆ ಕಂಡ್ರೆ ನನ್ನ ಕೇಳಿ."

ಹೊಲಿಗೆ ಕಾಣಲಿಲ್ಲ, ಅದು ನಿಜ. ಆದರೆ ಹೆಚ್ಚಿನ ಕಾಲು ಕತ್ತರಿಸುವ ಬದಲು ಗಡಿಬಿಡಿಯಲ್ಲಿ ಅವನು ರೆಕ್ಕೆಗಳನ್ನೆಲ್ಲ ಕತ್ತರಿಸಿದ್ದ. ಬೇಕರಿಯ ಒಲೆಯಲ್ಲಿ ಕೆಂಪಗೆ ಬೆಂದು ಬಂದದ್ದು ರೆಕ್ಕೆಯಿಲ್ಲದ, ನಾಲ್ಕು ಕಾಲು ಮೇಲೆತ್ತಿ ಮಲಗಿದ ಏನೋ ಒಂದು. ಮಗಳ ಜೊತೆ ಅಡುಗೆಗೆ ನಿಂತಿದ್ದ ಅತ್ತೆ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು.

"ಅಳಿಯಂದ್ರೇ, ಇದು ಕೋಳಿನೋ, ಮೇಜಿನ ಮರಿನೋ?"

"ಸುಮ್ನಿರಿ ಅತ್ತೆ! ಎಲ್ಲರೂ ಕೇಳಿ. ಊಟಕ್ಕೆ ಮುಂಚೆ ಒಬ್ಬೊಬ್ಬರೂ ಯಾವುದಕ್ಕೆ ಥ್ಯಾಂಕ್ಸ್ ಅಂತ ಹೇಳ್ಬೇಕಂತೆ. ಅದು ಅವರ ಪದ್ಧತಿ."

"ಉಣ್ಣೋಕೆ ಮುಂಚೇನಾ? ರುಚಿ ನೋಡದೆ ಯಾರು ಥ್ಯಾಂಕ್ಸ್ ಹೇಳ್ತಾರೆ?"

"ನನ್ನ ಗತ್ತು ಉಳಿಸೋ ಹಾಗೆ ಏನಾದ್ರೂ ಹೇಳಿ. ಕೈ ಮುಗೀತೀನಿ."

ಆರು ಗಂಟೆಗೆ ಸರಿಯಾಗಿ ಮೇಡಂ ಬಂದರು. ಬಾಗಿಲಿಲ್ಲದ ಬಾಗಿಲು ದಾಟಿ, ಮೇಜಿನ ನಡುವೆ ಮಲಗಿದ್ದನ್ನು ಕಂಡು ನಿಂತುಬಿಟ್ಟರು. "ಇದು... ಯಾವ ಪ್ರಾಣಿ?"

"ನಮ್ಮ ಕಡೆ ತಳಿ, ಮೇಡಂ" ಎಂದರು ಮೇಷ್ಟ್ರು, ಕಣ್ಣು ಕೂಡ ಮಿಟುಕಿಸದೆ.

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಫೀಸಿನಲ್ಲಿ ಅವರ ಹಲ್ಲನ್ನೇ ಕಾಣದಿದ್ದ ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಗೆದ್ದೆ ಎಂದುಕೊಂಡ, ಬಡಪಾಯಿ!

ಹೆಂಡತಿ ಆಲೂಗಡ್ಡೆ ತರಲು ಅಡುಗೆಮನೆಗೆ ಹೋದಳು. ಥ್ಯಾಂಕ್ಸ್ ಹೇಳುವ ಸರದಿ ಸುರುವಾಯಿತು.

"ಇಂಥ ನೆರೆಯವರು ಸಿಕ್ಕಿದ್ದಕ್ಕೆ ಥ್ಯಾಂಕ್ಸ್" ಎಂದ ದರ್ಜಿ. "ಅಣ್ಣನಿಗೆ ಏನೇ ಕಷ್ಟ ಬಂದ್ರೂ ಇಡೀ ಬೀದಿ ನಿಲ್ಲುತ್ತೆ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಇವನು ಆಫೀಸಿಗೆ ಹೋಗೋದು ಹೊಟ್ಟೆಪಾಡಿಗಲ್ಲ, ಮೇಡಂ. ಕೆಲಸದ ಮೇಲಿನ ಪ್ರೀತಿಗೆ."

ಅತ್ತೆ ಹಿಂದೆ ಬಿದ್ದಾರೆಯೇ? "ನನ್ನ ಮಗಳನ್ನ ಅರಮನೆಗೆ ಕೊಟ್ಟ ಹಾಗಾಯ್ತು. ಅದಕ್ಕೇ ಥ್ಯಾಂಕ್ಸ್."

ಗುಮಾಸ್ತನ ಎದೆ ಉಬ್ಬಿತು. "ನನಗೆ ಯಾವುದಕ್ಕೂ ಕೊರತೆ ಇಲ್ಲ ಮೇಡಂ" ಎಂದ. "ಥ್ಯಾಂಕ್ಸ್."

ಕೊನೆಗೆ ಮೇಡಂ ಎದ್ದು ನಿಂತರು. ಕಣ್ಣು ತುಂಬಿತ್ತು. "ಒಂದು ವಾರದಿಂದ ನನಗೆ ನಿದ್ದೆ ಇಲ್ಲ. ನೀವು, ಟೈಪಿಸ್ಟ್, ಇಬ್ಬರಲ್ಲಿ ಒಬ್ಬರನ್ನ ಕಳಿಸಬೇಕು. ಯಾರನ್ನ? ಟೈಪಿಸ್ಟಿಗೆ ಈ ಕೆಲಸ ಬಿಟ್ಟರೆ ಯಾರೂ ಇಲ್ಲ, ಏನೂ ಇಲ್ಲ. ನಿನ್ನೆವರೆಗೆ ನಿಮಗೂ ಹಾಗೇ ಅಂದುಕೊಂಡಿದ್ದೆ, ಅದಕ್ಕೆ ಕೈ ಬರ್ತಿರಲಿಲ್ಲ. ಇವತ್ತು ನಿಮ್ಮ ಮನೆ ನೋಡಿದೆ, ಇಷ್ಟು ಜನ ನೋಡಿದೆ. ಮನಸ್ಸು ಹಗುರಾಯ್ತು. ನಾಳೆ ಧೈರ್ಯವಾಗಿ ಬರೆದುಕೊಡ್ತೀನಿ. ನನ್ನ ಥ್ಯಾಂಕ್ಸ್ ನಿಮಗೇ."

ಮೇಷ್ಟ್ರು ತಮ್ಮ ಮೇಜಿನ ಅಂಚನ್ನೇ ಸವರುತ್ತ ಕೂತರು. ದರ್ಜಿ ತಟ್ಟೆ ನೋಡಿದ. ಇಷ್ಟು ಜನರಲ್ಲಿ ಒಬ್ಬರಾದರೂ "ಇಲ್ಲ ಮೇಡಂ, ನಾವು ಹೇಳಿದ್ದೆಲ್ಲ ಸುಳ್ಳು" ಎಂದಾರೆಂದು ಗುಮಾಸ್ತ ಒಂದೊಂದೇ ಮುಖವನ್ನು ನೋಡಿದ. ತಾನೇ ಹೇಳೋಣವೆಂದು ಬಾಯಿ ತೆರೆದ. ದಿನಾ ಜಾರುವ ಬಾಯಿ ಇವತ್ತು ಕಚ್ಚಿಕೊಂಡಿತ್ತು.

ಹೆಂಡತಿ ಬಿಸಿ ಪಾತ್ರೆ ಹಿಡಿದು ಬಂದಳು. ಮೇಡಂ ಕಣ್ಣೊರೆಸಿಕೊಳ್ಳುವುದನ್ನು ಕಂಡು ಅವಳ ಮುಖ ಅರಳಿತು. ಗಂಡನ ಕಿವಿಯ ಬಳಿ ಬಾಗಿ, "ಹೇಳಿದ್ರಾ ರೀ? ಏನಂದ್ರು?" ಎಂದು ಪಿಸುಗುಟ್ಟಿದಳು.

"ನಮಗೇನೂ ಕೊರತೆ ಇಲ್ವಂತೆ" ಎಂದ ಗುಮಾಸ್ತ. "ಕೂತ್ಕೋ. ಊಟ ಮಾಡು."